ಚುಕ್ಕಿ ತಪ್ಪಿದ ಕಣ್ಣು

ಅವಳು ಅವನನ್ನು ಮೊದಲು ನೋಡಿದಾಗ ಅವನು ಇನ್ನೊಬ್ಬ ಬಾಕ್ಸರ್‌ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ್ದ. ಸಾಲು ಮುರಿದು ನುಗ್ಗಿದ್ದಕ್ಕೆ ಆ ಪೂಜೆ. ಅವನ ತುಟಿಯೂ ಒಡೆದು ರಕ್ತ ಗದ್ದಕ್ಕಿಳಿದಿತ್ತು.

“ಹೊಡೆದಾಡೋಕೆ ರಿಂಗ್ ಇದೆ. ಇಲ್ಲಿ ಕಣ್ಣಿನ ಪರೀಕ್ಷೆ ಮಾತ್ರ,” ಎಂದಳು ಡಾಕ್ಟರ್.

ಊರೆಲ್ಲ ಗೂಳಿ ಎನ್ನುತ್ತಿದ್ದ ಆ ಮನುಷ್ಯ ಬಾಯಿ ಮುಚ್ಚಿಕೊಂಡು ಬಂದು ಕುಳಿತ.

ಪರದೆಯ ಮೇಲೆ ಒಂದು ಚುಕ್ಕಿ ಓಡುತ್ತದೆ. ಕಣ್ಣು ಅದನ್ನು ಹಿಂಬಾಲಿಸಬೇಕು. ಎಲ್ಲಿ ತಪ್ಪಿತೆಂದು ಕ್ಯಾಮೆರಾ ನೋಡಿಕೊಳ್ಳುತ್ತದೆ. ಪಂದ್ಯಾವಳಿಗೆ ಮುಂಚೆ ಒಮ್ಮೆ, ತಲೆಗೆ ಪೆಟ್ಟು ಬಿದ್ದರೆ ಇನ್ನೊಮ್ಮೆ. ಎರಡಕ್ಕೂ ವ್ಯತ್ಯಾಸ ಕಂಡರೆ ಮಿದುಳಿಗೆ ಏಟಾಗಿದೆ ಎಂದರ್ಥ, ಅಲ್ಲಿಗೆ ಆಟ ಬಂದ್.

ಅವನ ಕಣ್ಣು ಪದೇ ಪದೇ ಚುಕ್ಕಿ ಬಿಟ್ಟು ಜಾರುತ್ತಿತ್ತು.

“ಬೇಕಂತಲೇ ತಪ್ಪಿಸ್ತಿದ್ದೀರಾ?”

“ಇಲ್ಲ ಡಾಕ್ಟ್ರೇ...” ಅವನು ತಲೆ ತಗ್ಗಿಸಿದ.

ಅವಳಿಗೆ ಮೈಯೆಲ್ಲ ಉರಿಯಿತು. ಮೊದಲ ಪರೀಕ್ಷೆಯನ್ನೇ ಹಾಳು ಮಾಡಿಟ್ಟರೆ ಮುಂದೆ ಪೆಟ್ಟು ಬಿದ್ದರೂ ವ್ಯತ್ಯಾಸ ಕಾಣುವುದಿಲ್ಲ. ಈ ಕಳ್ಳಾಟ ಅವಳು ಕಾಣದ್ದೇನಲ್ಲ, ಆದರೆ ಸಾಬೀತು ಮಾಡುವಂತಿರಲಿಲ್ಲ. ಅಂದಿನಿಂದ ಅವನು ಎದುರು ಬಂದರೆ ಅವಳು ಮುಖ ತಿರುಗಿಸಿ ನಡೆಯುತ್ತಿದ್ದಳು. ಆದರೂ ಅವನು ರಿಂಗ್ ಹತ್ತಿದಾಗಲೆಲ್ಲ ಅವಳ ಎದೆ ಡವಗುಟ್ಟುತ್ತಿತ್ತು. ಹಾಳು ಮನಸ್ಸು!

ಸೆಮಿಫೈನಲ್‌ನಲ್ಲಿ ಎದುರಾಳಿಯ ಎಡಗೈ ಅವನ ಮುಖದ ಮೇಲೆ ಬಿತ್ತು. ಮೂಗಿನಿಂದ ರಕ್ತ ಚಿಮ್ಮಿತು. ಮತ್ತೊಂದು ಗುದ್ದಿಗೆ ತಲೆ ನೆಲಕ್ಕೆ ಬಡಿದ ಸದ್ದು ಅವಳಿಗೂ ಕೇಳಿಸಿತು. ಅವನು ಎದ್ದ, ಎದುರಾಳಿಯ ದವಡೆ ಒಡೆದ, ಗೆದ್ದ. ಸಂಜೆ ಫೈನಲ್.

ಡ್ರೆಸ್ಸಿಂಗ್ ರೂಮಿನಲ್ಲಿ ಅವಳು ಅವನ ಹಿಂದೆ ನಿಂತು, ತಲೆಯ ಗಾಯ ಒತ್ತಿಹಿಡಿದು ಪರೀಕ್ಷೆ ನಡೆಸಿದಳು. ಕಣ್ಣು ಜಾರಿತು. ಮೆಷಿನ್ ಮಾತ್ರ ಎರಡೂ ದಿನದ ಅಂಕ ಹೋಲಿಸಿ ವ್ಯತ್ಯಾಸವಿಲ್ಲ ಎಂದಿತು.

“ಮೆಷಿನ್ನೇ ಸರಿ ಅಂತಿದೆ. ಸೈನ್ ಹಾಕಿ,” ಎಂದ ಅವನ ಕೋಚ್, ಸ್ವಂತ ಸೋದರಮಾವ.

“ಹಾಕಲ್ಲ. ಇವರು ಮೊದಲನೇ ದಿನವೇ ಮೋಸ ಮಾಡಿದ್ದಾರೆ. ಇನ್ನೊಂದು ಏಟು ಬಿದ್ರೆ ಹೆಣ ಬೀಳತ್ತೆ.”

ಮಾವ ಸ್ಟೂಲನ್ನು ಒದ್ದು, ಅವಳ ರಟ್ಟೆ ಹಿಡಿದು ಗೋಡೆಗೆ ತಳ್ಳಿದ. ಗೂಳಿ ಎದ್ದು ಬೀಸಿದ ಮುಷ್ಟಿ ಮಾವನನ್ನು ತಪ್ಪಿ ಬೀರುವಿನ ಬಾಗಿಲಿಗೆ ಬಡಿಯಿತು. ಬೆರಳ ಗಂಟುಗಳಿಂದ ರಕ್ತ ಸುರಿಯಿತು.

“ಅವರ ಮೈ ಮುಟ್ಟಬೇಡ ಮಾವಾ.” ಅವನು ತೂರಾಡುತ್ತ ಅವಳತ್ತ ತಿರುಗಿದ. “ಮೋಸ ಮಾಡಿಲ್ಲ ಡಾಕ್ಟ್ರೇ. ಅವತ್ತು ನೀವು ಪರದೆ ಪಕ್ಕದಲ್ಲೇ ನಿಂತಿದ್ರಿ. ಚುಕ್ಕಿ ಯಾರಿಗೆ ಬೇಕಿತ್ತು...”

ಅವಳು ಹಳೆಯ ದಾಖಲೆ ತೆರೆದಳು. ಅಂದು ಕಣ್ಣು ಜಾರಿದ್ದೆಲ್ಲ ಬಲಕ್ಕೆ, ಅವಳು ನಿಂತಿದ್ದ ಕಡೆಗೇ. ಕೋಪದಲ್ಲಿ ಅವಳು ಬರೀ ಅಂಕ ನೋಡಿದ್ದಳು. ಇಂದು ನೋಡಲು ಪರದೆಯ ಪಕ್ಕದಲ್ಲಿ ಯಾರೂ ಇರಲಿಲ್ಲ. ಕಣ್ಣು ದಿಕ್ಕಿಲ್ಲದೆ ಅಲೆದಿತ್ತು.

*ಅಯ್ಯೋ, ಎಂಥಾ ಕೆಲಸ ಮಾಡಿಬಿಟ್ಟೆ...*

“ಮಿದುಳಿಗೆ ಏಟಾಗಿದೆ. ಇವರು ಆಡೋ ಹಾಗಿಲ್ಲ.”

“ಬಾಯಿಗೆ ಬಂದ ತುತ್ತು ಕಳ್ಕೊಂಡ್ಯಲ್ಲೋ...” ಮಾವ ಬಕೆಟ್ಟನ್ನು ಗೋಡೆಗೆ ಎಸೆದು ಹೊರಟುಹೋದ.

ಅವನು ಬೆಂಚಿನ ಮೇಲೆ ಕುಸಿದು ಅತ್ತ. ಅವಳು ಆ ರಕ್ತದ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

“ಸುಮ್ನಿದ್ದಿದ್ರೆ ಮೆಷಿನ್ ತೋರಿಸಿ ಬೇರೆ ಡಾಕ್ಟರ್ ಹತ್ರ ಸೈನ್ ಹಾಕಿಸ್ಕೊಂಡು ಫೈನಲ್ ಆಡಬಹುದಿತ್ತಲ್ಲ?”

“ನಿಮ್ಮ ಬಾಯಲ್ಲಿ ಮೋಸಗಾರ ಅನ್ನಿಸ್ಕೊಂಡು ಗೆದ್ದು ಏನು ಮಾಡ್ಲಿ?”

ಅವಳ ಕಣ್ಣು ತುಂಬಿ ಬಂತು. “ನೀವು ಬಿದ್ದಾಗ ನನ್ನ ಜೀವ ಹೋಗಿ ಬಂತು... ನೀವಿಲ್ದೆ ಇರೋಕೆ ನನ್ನ ಕೈಲಾಗಲ್ಲ. ಆಸ್ಪತ್ರೆಗೆ ಹೋಗೋಣ, ಏಳಿ. ನಾನು ಸರಿಯಾಗಿ ಕಾಣ್ತಿದ್ದೀನಾ?”

“ಇಬ್ಬರು ಕಾಣ್ತಿದ್ದೀರಿ.”

“ಇಬ್ಬರಲ್ಲಿ ಯಾರನ್ನ ನೋಡ್ತಿದ್ದೀರಿ?”

“ಕೈ ಹಿಡ್ಕೊಂಡಿರೋರನ್ನ.”