ಕೆಳಮೆಟ್ಟಿಲ ಮಾತು

ಲಾಂಚು ಹೊರಡಲು ಇನ್ನು ಇಪ್ಪತ್ತೇ ನಿಮಿಷ. ಹರ್ದತ್ ಬಾಯಿಬಿಟ್ಟು ಒಂದು ಮಾತು ಕೇಳಿದರೆ ಸಾಕು, ಬಸ್ಮತಿ ರಾಜಧಾನಿ ಜಾರ್ಜ್‌ಟೌನಿನ ಹೊಸ ಕೆಲಸ ಬಿಟ್ಟು ಊರಿನ ಶಾಲೆಯಲ್ಲೇ ಪಾಠ ಹೇಳುತ್ತ ಉಳಿಯುವವಳಿದ್ದಳು. ಕೇಳದಿದ್ದರೆ, ಬರ್ಬೀಸ್ ನದಿ ದಾಟಿದ ಮೇಲೆ ಅವನ ಹೆಸರೆತ್ತುವುದಿಲ್ಲವೆಂದು ನಿಶ್ಚಯಿಸಿದ್ದಳು.

ಅವನು ದೋಣಿಕಟ್ಟೆಗೆ ಬಂದ. ಕಬ್ಬು ತುಂಬಿದ ಕಬ್ಬಿಣದ ದೋಣಿಗಳನ್ನು ಹೇಸರಗತ್ತೆ ಕಟ್ಟಿ ಕಾಲುವೆಯಲ್ಲಿ ಎಳೆಸುವ ಆಳು, ಇಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ.

"ನಮಸ್ಕಾರ. ತಾವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ."

ಆ ತೀರದಲ್ಲಿ ಮಾತಿಗೆ ಮೆಟ್ಟಿಲುಗಳಿದ್ದವು. ಕೆಳಗೆ ಮನೆ, ಗದ್ದೆ, ಜಗಳ, ಮುದ್ದು. ನಡುವೆ ಅಂಗಡಿ, ಬಸ್ಸು. ತುತ್ತತುದಿಯಲ್ಲಿ ಮ್ಯಾಜಿಸ್ಟ್ರೇಟರು ಮತ್ತು ತೋಟದ ಸಾಹೇಬರು. ಜನ ಗಳಿಗೆಗೊಮ್ಮೆ ಹತ್ತಿ ಇಳಿಯುತ್ತಿದ್ದರು. ಆದರೆ ಬಾಲ್ಯದಿಂದ ಬಸ್ಮತಿಯೊಡನೆ ಕೆಳಗೇ ನಿಂತು ಮಾತಾಡಿದವನು ಇಂದು ತುದಿಗೇರಿದ್ದ. ಅಷ್ಟು ಎತ್ತರದಿಂದ ಯಾರೂ ಹೆಣ್ಣನ್ನು 'ಉಳಿ' ಎಂದು ಬೇಡುವುದಿಲ್ಲ.

"ಕ್ಷೇಮ. ತಮ್ಮ ಆಗಮನಕ್ಕೆ ಧನ್ಯವಾದ." ಅವಳೂ ಹತ್ತಿದಳು.

ಅವಳ ಚಪ್ಪಲಿಯ ಪಟ್ಟಿಯನ್ನೇ ದಿಟ್ಟಿಸುತ್ತಿದ್ದ ಅವನ ಕಣ್ಣುಗಳು ಒಂದು ಕ್ಷಣ ಮೇಲೆದ್ದು, ಅವಳ ಕಣ್ಣನ್ನು ಮುಟ್ಟಿ, ಬೆದರಿ ನದಿಯತ್ತ ಹಾರಿದವು.

"ತಮ್ಮ ಮೇಲೆ ನನಗೆ..." ಅವನು ಮತ್ತೆ ಮೊದಲಿಂದ ಶುರುಮಾಡಿದ. "ತಮ್ಮ ಮೇಲೆ ನನಗೆ ಪ್ರೀತಿ ಇದ್ದಾರೆ."

"ಇದೆ," ಎಂದಳು ಬಸ್ಮತಿ. ಪಾಠ ಹೇಳುವ ನಾಲಿಗೆ ಮನಸ್ಸಿಗಿಂತ ಮುಂದೆ ಓಡಿತ್ತು. "'ಪ್ರೀತಿ ಇದೆ' ಅನ್ನಬೇಕು."

ತಿದ್ದಿದ ಮೇಲಷ್ಟೇ, ಅವನು ಹೇಳಿದ್ದೇನೆಂದು ಅವಳಿಗೆ ಕೇಳಿಸಿತು.

ಹರ್ದತ್‌ನ ಮುಖ ಕಪ್ಪಿಟ್ಟಿತು. ತಲೆಬಾಗಿಸಿ, ತಿರುಗಿ ನಡೆದುಬಿಟ್ಟ.

ಸೀಗಡಿ ಬುಟ್ಟಿಯ ಮುಂದೆ ಕುಳಿತಿದ್ದ ಅವನ ಅತ್ತಿಗೆ, ಊರಿಗೆಲ್ಲ 'ಭೌಜಿ', ಎದ್ದು ನಿಂತಳು. "ಅಲ್ಲ ಕಣವ್ವಾ ಟೀಚರಮ್ಮ, ಹೋಳಿ ಹಬ್ದಲ್ಲಿ ನಾಕ್ ಜನದ್ ಮುಂದೆ ಅವನ್ ಮಾತ್ ತಿದ್ದಿದ್ಯಲ್ಲ, ಅವತ್ತಿಂದ ಹೇಸರಗತ್ತೆ ಮುಂದ್ ನಿಂತ್ಕಂಡು ಬಾಯಿಪಾಠ ಮಾಡ್ತಾವ್ನೆ. ಕತ್ತೆಗೂ ಬಂದ್‌ಬುಡ್ತು! ಇವತ್ತೂ ತಿದ್ದುದ್ಯಾ?"

"ಭೌಜಿ, ನಾನು ಬೇಕಂತ..."

"ನಂಗ್ಯಾಕ್ ಯೋಳ್ತೀಯ? ಓಗ್ ಅವನ್ಗ್ ಯೋಳು!"

ಲಾಂಚು ಕೂಗಿತು. ಬಸ್ಮತಿ ಓಡಿದಳು. ಮೂರು ವರ್ಷ ತರಬೇತಿ ಕಾಲೇಜು ಅವಳ ಬಾಯಿಂದ ಆ ಕೆಳಮೆಟ್ಟಿಲನ್ನು ಉಜ್ಜಿ ಉಜ್ಜಿ ತೊಳೆದಿತ್ತು. ಬೇಕಾದ ಈ ಗಳಿಗೆಯಲ್ಲಿ ಅದು ಕಾಲಿಗೆ ಸಿಗಲಿಲ್ಲ.

"ಹರ್ದತ್! ನಾನು ಹೋಗಲಾಕಿಲ್ಲ!"

ಹಮಾಲಿಗಳು ಗೊಳ್ಳೆಂದರು. "ಕೇಳ್ರಲಾ, ಮೇಡಮ್ಮೋರು ನಮ್ ಮಾತಾಡ್ತಾವ್ರೆ!"

ಅವಳ ಕಿವಿ ಸುಟ್ಟಿತು. ನಾಲ್ಕು ಜನರ ಮುಂದೆ ನಾಲಿಗೆ ತಪ್ಪುವುದೆಂದರೆ ಹೀಗಿರುತ್ತದೆಯೇ? ಆದರೂ ಬಿಡಲಿಲ್ಲ. "ನಾನು ಹೋಗಾಲ್ಲಾ..."

ಅವನು ನಿಂತ. ತಿರುಗಿದ. ಕಣ್ಣಲ್ಲಿ ಅವಮಾನ ಇನ್ನೂ ಆರಿರಲಿಲ್ಲ.

"ಹಂಗಲ್ಲ," ಎಂದ ಮೆಲ್ಲಗೆ. "ಹೋಗಾಕಿಲ್ಲ."

"ಹೋಗಾಕಿಲ್ಲ."

"'ನಾನು' ಅಲ್ಲ. 'ನಾ'."

"ನಾ ಹೋಗಾಕಿಲ್ಲ."

"ಯಾರ್ನ ಬುಟ್ಟು?" ಅವನು ಒಂದು ಹೆಜ್ಜೆ ಹತ್ತಿರ ಬಂದ.

ಹಿಂದೆ, ಲಾಂಚಿನ ಹಲಗೆಯನ್ನು ಒಳಗೆಳೆದುಕೊಳ್ಳುವ ಸದ್ದು.

"ನಿನ್ನ ಬುಟ್ಟು," ಎಂದಳು ಬಸ್ಮತಿ, ತಪ್ಪಿಲ್ಲದೆ.