ಬಾಯಿಗನ್ನಡಿ ಮತ್ತು ನಾಲ್ಕು ಮಗ್ಗಗಳು

ಕನ್ನಡಿಯಲ್ಲಿ ಕಸ್ತೂರಿಯ ಮುಖ ಕಾಣಿಸಲಿಲ್ಲ. ಕಂಡದ್ದು ಅವಳ ಬಾಯೊಳಗಿನ ನಾಲಿಗೆ.

“ಕಾ ಅನ್ನವ್ವಾ,” ಎಂದ ಅಪ್ಪ ಬಾಳಪ್ಪ, ತಾನೇ ಮೊದಲು ಬಾಯಗಲಿಸಿ.

“ತಾ,” ಎಂದಳು ಐದೂವರೆ ವರ್ಷದ ಮಗಳು.

ನಾಲಿಗೆಯ ತುದಿ ಹಲ್ಲಿನ ಹಿಂದೆ ಹೋಗಿ ಅಂಟಿಕೊಂಡಿತು, ಕನ್ನಡಿಯ ಅಂಚು ಕೆಂಪಗಾಯಿತು. ನಾಲಿಗೆಯ ಹಿಂಭಾಗ ಮೇಲೆದ್ದು ಅಂಗುಳವನ್ನು ಮುಟ್ಟಿದ್ದರೆ ಅದೇ ಅಂಚು ಹಸಿರಾಗುತ್ತಿತ್ತು.

ಇದರ ಸರಕಾರಿ ಹೆಸರು ಉಚ್ಚಾರದರ್ಶಕ. ಆದರೆ ಅಷ್ಟುದ್ದದ ಹೆಸರನ್ನು ಯಾವ ತಾಯಿ ದಿನಾ ಹೇಳಿಯಾಳು? ಬಾಯಿಗನ್ನಡಿ ಎಂದೇ ಅದು ಮನೆಮಾತಾಯಿತು. ಕಿವಿಗೆ ಕೇಳದ ಸೂಕ್ಷ್ಮ ಧ್ವನಿತರಂಗಗಳನ್ನು ಗದ್ದದ ಕೆಳಗಿನಿಂದ ಕಳಿಸಿ, ಮರಳಿ ಬಂದ ತರಂಗಗಳಿಂದ ನಾಲಿಗೆಯ ಚಿತ್ರ ಬರೆಯುವುದು ಅದರ ಕೆಲಸ. ಮಕ್ಕಳಿಗೆ ಕಿವಿಯಿಂದ ಹಿಡಿಯಲಾಗದ್ದು ಕಣ್ಣಿಗೆ ಕಂಡರೆ ಬೇಗ ಬರುತ್ತದೆ. ಇದನ್ನು ರೂಪಿಸಿದವರು ಗದಗಿನ ಡಾಕ್ಟರ್ ವಿಮಲಾಕ್ಷಿ ಹೊಂಬಳ. ದವಾಖಾನೆಯಲ್ಲಿ ಚೆನ್ನಾಗಿ ನುಡಿದ ಮಕ್ಕಳು ಮನೆಗೆ ಹೋದೊಡನೆ ಎಲ್ಲ ಮರೆಯುವುದನ್ನು ಇಪ್ಪತ್ತು ವರ್ಷ ನೋಡಿ ಬೇಸತ್ತು, ಕಲಿಕೆಯನ್ನೇ ಮನೆಗೆ ಕಳಿಸಿದ ಹೆಂಗಸು.

ಕನ್ನಡಿಗೆ ಕಟ್ಟಳೆಗಳಿದ್ದವು. ಸುತ್ತ ಸದ್ದಿದ್ದರೆ ಅದು ಕಣ್ಣೇ ತೆರೆಯುತ್ತಿರಲಿಲ್ಲ. ಮನೆಯ ದೊಡ್ಡವರೊಬ್ಬರು ಎದುರಿಗೆ ಕೂತು, ಮೊದಲು ತಾವು ನುಡಿದು ಆಮೇಲೆ ಮಗುವಿನಿಂದ ನುಡಿಸಬೇಕು. ದಿನಕ್ಕೆ ಅರ್ಧ ತಾಸು. ಮಗು ಸತತ ಆರು ದಿನ ಹತ್ತಕ್ಕೆ ಒಂಬತ್ತು ಸಲ ಸರಿಯಾಗಿ ನುಡಿದರೆ ಮುಗಿಯಿತು, ಕನ್ನಡಿ ಸರದಿಯಲ್ಲಿ ಕಾದಿರುವ ಮುಂದಿನ ಮಗುವಿನ ಮನೆಗೆ ಹೋಗಬೇಕು. ಅದು ಮೂರೇ ವಾರದಲ್ಲಿ ಹೊರಡುತ್ತದೆ ಎಂಬುದೇ ವಿಮಲಾಕ್ಷಿಯವರ ಹೆಮ್ಮೆ.

ಬಾಳಪ್ಪನ ಮನೆಯಿಂದ ಮಾತ್ರ ಅದು ಎಂಟು ವಾರವಾದರೂ ಹೊರಟಿರಲಿಲ್ಲ. ಮೂರನೆಯ ವಾರ ಕಸ್ತೂರಿ ಐದು ದಿನ ಒಂಬತ್ತು ಮುಟ್ಟಿದ್ದಳು. ಆರನೆಯ ದಿನ ನಾಲ್ಕಕ್ಕೆ ಬಿದ್ದಳು. ಐದನೆಯ ವಾರವೂ ಹಾಗೆಯೇ, ಏಳನೆಯ ವಾರವೂ ಹಾಗೆಯೇ. ಯಂತ್ರದಲ್ಲಿ ದೋಷವೋ, ಮಗುವಿನ ನರದಲ್ಲಿ ದೋಷವೋ? ತನ್ನ ಹೆಸರನ್ನೂ ಹೇಳಲಾಗದೆ “ತಸ್ತೂರಿ” ಎನ್ನುವ ಮಗುವಿಗೆ ಶಾಲೆಯಲ್ಲಿ ಎಲ್ಲರೂ ನಗುತ್ತಾರೆಂದು ಕೇಳಿದ್ದ ವಿಮಲಾಕ್ಷಿಯವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದು ಸಂಜೆ ಅವರೇ ಬೆಟಗೇರಿಗೆ ಹೊರಟರು.

ನೇಕಾರರ ಓಣಿ. ಮಗ್ಗಗಳು ಎಷ್ಟು ಹೊಸವಾದರೂ ಅವುಗಳ ಸದ್ದು ಮಾತ್ರ ಕಡಿಮೆಯಾಗಿರಲಿಲ್ಲ. ಬಾಳಪ್ಪನ ಮನೆಯಲ್ಲಿ ಅಂಥವು ನಾಲ್ಕು. ವಿಮಲಾಕ್ಷಿ “ನಮಸ್ಕಾರ” ಎಂದದ್ದು ಅವರಿಗೇ ಕೇಳಲಿಲ್ಲ. ಬಾಳಪ್ಪ ಕೈಯಿಂದಲೇ “ಬರ್ರಿ, ಕುಂದರ್ರಿ” ಎಂದ. ನೂಲು ಸುತ್ತುತ್ತಿದ್ದ ಹೆಂಡತಿ ನೀಲವ್ವನ ಕಡೆ ಹೆಬ್ಬೆರಳನ್ನು ಬಾಯಿಗೆ ತಂದು ತೋರಿಸಿದ, ಅವಳು ಚಹಾಕ್ಕೆ ಎದ್ದಳು. ಮುಂಜಾನೆಯಿಂದ ಮಲಗುವ ಹೊತ್ತಿನವರೆಗೆ ಆ ಮನೆಯ ಸಂಸಾರವೆಲ್ಲ ಕೈಸನ್ನೆಯಲ್ಲೇ ನಡೆಯುತ್ತಿತ್ತು.

ಆರು ಹೊಡೆಯಿತು. ಬಾಳಪ್ಪ ಗುಂಡಿ ಒತ್ತಿ, ಪಾಠದ ಅರ್ಧ ತಾಸಿಗೆಂದು ನಾಲ್ಕೂ ಮಗ್ಗ ನಿಲ್ಲಿಸಿದ. ಕಿವಿಯೊಳಗಿನ ಗುಂಯ್ ಅನ್ನುವುದು ಇಳಿಯುವ ಮೊದಲೇ ಕಸ್ತೂರಿ ಎಲ್ಲಿಂದಲೋ ಓಡಿಬಂದು ಅಪ್ಪನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು.

ಪಾಠ ನಡೆಯಿತು. ಹತ್ತಕ್ಕೆ ಮೂರು. ನಡೆದದ್ದನ್ನು ನಿಧಾನವಾಗಿ ಮತ್ತೆ ತೋರಿಸುವ ಶಕ್ತಿ ಕನ್ನಡಿಗಿತ್ತು. ವಿಮಲಾಕ್ಷಿ ಅದನ್ನು ಎರಡು ಸಲ ನೋಡಿ ಬೆರಗಾದರು. ಪ್ರತಿ ಸಲವೂ ನಾಲಿಗೆಯ ಹಿಂಭಾಗ ಸರಿಯಾಗಿ ಮೇಲೆದ್ದು ಅಂಗುಳವನ್ನು ಮುಟ್ಟುತ್ತಿತ್ತು, ಸದ್ದಿಲ್ಲದೆ ಒಂದು ಗಳಿಗೆ ನಿಲ್ಲುತ್ತಿತ್ತು, ಆಮೇಲೆ ಕೆಳಗಿಳಿದು ತುದಿಯನ್ನು ಹಲ್ಲಿನತ್ತ ಕಳಿಸುತ್ತಿತ್ತು. ಕಲಿಯದ ನಾಲಿಗೆ ದಾರಿ ತಪ್ಪಬಹುದು. ಆದರೆ ಸರಿಯಾದ ಮನೆಯ ಬಾಗಿಲಿಗೆ ಹೋಗಿ ನಿಂತು, ಬೇಕೆಂದೇ ಪಕ್ಕದ ಮನೆಗೆ ಹೋಗುವುದಿಲ್ಲ.

ಚಹಾ ಕುಡಿಯುವ ನೆಪದಲ್ಲಿ ಬಾಳಪ್ಪನನ್ನು ಹಿತ್ತಲಿಗೆ ಕಳಿಸಿ, ವಿಮಲಾಕ್ಷಿ ಹುಡುಗಿಯ ಪಕ್ಕ ಕೂತರು.

“ನಿನಗ ಬರತೈತಿ. ಹೌದಲ್ಲ?”

ಕಸ್ತೂರಿ ಬಾಗಿಲ ಕಡೆ ನೋಡಿದಳು. ಲಂಗದ ಅಂಚನ್ನು ಬೆರಳಿಗೆ ಸುತ್ತಿದಳು.

“ಕನ್ನಡಿ ಹೋದ್ರ ಮಗ್ಗಾ ನಿಲ್ಲೂದಿಲ್ರಿ,” ಎಂದಳು. ಒಂದೊಂದು ಅಕ್ಷರವೂ ತೊಳೆದಿಟ್ಟಷ್ಟು ಚೊಕ್ಕಟ. “ಅಪ್ಪ ಮತ್ತ ಬರೇ ಕೈ ಮಾಡ್ತಾನ್ರಿ. ನನ್ನ ಕೂಡ ಮಾತಾಡೂದಿಲ್ಲ.”

“ಮತ್ತ ಸಾಲ್ಯಾಗ ಹುಡುಗ್ರು ನಗ್ತಾರಲ್ಲ ಪುಟ್ಟಿ?”

“ನಗಲಿ.”

ವಿಮಲಾಕ್ಷಿ ಕನ್ನಡಿಯತ್ತ ತಿರುಗಿದರು. ಕನ್ನಡಿಗಾಗಿ ಅವರು ನೂರು ಪರೀಕ್ಷೆ ಮಾಡಿದ್ದರು. ಸದ್ದು ಬೇಡ ಎಂದು ಬರೆದದ್ದು ಯಂತ್ರದ ಅನುಕೂಲಕ್ಕೆ. ಆ ಮೌನವೇ ಒಂದು ಮಗುವಿಗೆ ಬೇಕಾದ ವಸ್ತುವಾದೀತೆಂದು ಅವರಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಹಿತ್ತಲಲ್ಲಿ ಬಾಳಪ್ಪ ಬಸಿಯಲ್ಲಿ ಚಹಾ ಆರಿಸುತ್ತಿದ್ದ.

“ನಿಮ್ಮ ಮಗಳಿಗೆ ‘ಕ’ ಬರತೈತ್ರಿ,” ಎಂದರು ವಿಮಲಾಕ್ಷಿ.

“ಗೊತ್ತೈತ್ರಿ ಡಾಕ್ಟ್ರ.” ಅವನು ತಲೆ ಎತ್ತಲಿಲ್ಲ. “ಹದಿನೈದು ದಿನದ ಹಿಂದ ಇಲ್ಲೇ ಕುಂತು ಗೊಂಬಿಗೆ ಬೈಯಾಕತ್ತಿದ್ಲು. ಒಂದೂ ತಪ್ಪಿರಲಿಲ್ಲ.”

“ಗೊತ್ತಿದ್ದೂ ಸುಮ್ಮನ ಕುಂತ್ರಿ? ಲಕ್ಷ್ಮೇಶ್ವರದಾಗ ಒಂದು ಕೂಸು ಈ ಕನ್ನಡಿಗೆ ಹಾದಿ ಕಾಯಾಕತ್ತೈತಿ.” ವಿಮಲಾಕ್ಷಿಯವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

“ತಪ್ಪಾತ್ರಿ.” ಬಾಳಪ್ಪ ಬಸಿಯನ್ನು ಕೆಳಗಿಟ್ಟ. “ನಮ್ಮಪ್ಪನೂ ನೇಕಾರ್ರಿ. ಊಟಕ್ಕ ಬಾ, ನೂಲು ತಾ, ಸುಮ್ನಿರು, ಅವನ ಕೈ ಸನ್ನಿ ಎಲ್ಲಾ ನೆನಪದಾವು. ದನಿ ಹೆಂಗಿತ್ತು ಅನ್ನೂದು ನೆನಪಿಲ್ರಿ. ಈ ಅರ್ಧಾ ತಾಸು ಹೋದ್ರ ನನ್ನ ಮಗಳಿಗೂ ಹಂಗ ಆಕೈತಿ ಅಂತ...”

“ಅದಕ್ಕ ಕನ್ನಡಿ ಯಾಕ ಬೇಕ್ರಿ? ಮಗ್ಗದ ಗುಂಡಿ ನಿಮ್ಮ ಕೈಯಾಗ ಐತಲ್ಲ.”

“ಮಷೀನ್ ಕೇಳತೈತಿ ಅಂತ ನಿಲ್ಲಸಬಹುದ್ರಿ. ಮಗಳ ಕೂಡ ಮಾತಾಡಾಕ ಮಗ್ಗಾ ನಿಲ್ಲಸ್ಯಾನ ಅಂದ್ರ ಓಣಿ ಮಂದಿ ನಗ್ತಾರ್ರಿ.”

ವಿಮಲಾಕ್ಷಿ ಅವನ ಎದುರಿಗೆ ಕೂತರು. ಆಮೇಲೆ ಮೆತ್ತಗೆ ಹೇಳಿದರು: “ನಿಮ್ಮ ಮಗಳಿಗೆ ಸಾಲ್ಯಾಗ ದಿನಾ ನಗ್ತಾರ ಬಾಳಪ್ಪ. ಈಗ ಕೇಳಿದೆ. ನಗಲಿ ಅಂದ್ಲು.”

ಬಾಳಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ. ಒಳಗೆ ಹೋಗಿ ಕನ್ನಡಿಯನ್ನು ತಾನೇ ಪೆಟ್ಟಿಗೆಗೆ ಹಾಕಿ ತಂದು ಅವರ ಕೈಗೆ ಕೊಟ್ಟ. ಕಸ್ತೂರಿ ಅಳಲಿಲ್ಲ. ಪೆಟ್ಟಿಗೆ ಹೊಸ್ತಿಲು ದಾಟುವುದನ್ನು ನೋಡುತ್ತ ಕಂಬ ಹಿಡಿದು ನಿಂತಳು. ಆ ನೋಟ ವಿಮಲಾಕ್ಷಿಯವರನ್ನು ಗದಗಿನವರೆಗೂ ಬಿಡಲಿಲ್ಲ.

ಮರುದಿನ ಕನ್ನಡಿ ಲಕ್ಷ್ಮೇಶ್ವರಕ್ಕೆ ಹೋಯಿತು. ವರದಿಯಲ್ಲಿ ‘ಗುಣವಾಗಿದೆ’ ಎಂದು ಬರೆಯಬೇಕಿತ್ತು, ವಿಮಲಾಕ್ಷಿಯವರಿಗೆ ಕೈಯೇಳಲಿಲ್ಲ. ಸಂಜೆ ಆರೂಕಾಲಿಗೆ ತಡೆಯಲಾರದೆ ಬಾಳಪ್ಪನ ಮನೆಗೆ ಫೋನು ಮಾಡಿದರು. ಮಗ್ಗ ನಡೆದಿದ್ದರೆ ಯಾರಿಗೂ ಕೇಳಿಸುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಇನ್ನೇನು ಇಡಬೇಕು ಅನ್ನುವಾಗ ಯಾರೋ ಎತ್ತಿದರು. ಆ ಕಡೆ ಸದ್ದೇ ಇರಲಿಲ್ಲ.

“ಯಾರ್ರಿ?” ಎಂದಿತು ಸಣ್ಣ ದನಿ.

“ನಾನವ್ವಾ, ಡಾಕ್ಟರು. ನೀ ಯಾರು?”

“ಕಸ್ತೂರಿ.” ಹೇಳಿದವಳಿಗೆ ಭಾರೀ ಅವಸರವಿತ್ತು. “ಆಮ್ಯಾಲ ಮಾಡ್ರಿ. ಅಪ್ಪ ಕಥಿ ಹೇಳಾಕತ್ತಾನ.”

ಫೋನು ಕಟ್ಟಾಯಿತು. ವಿಮಲಾಕ್ಷಿ ವರದಿಯನ್ನು ಎದುರಿಗೆ ಎಳೆದುಕೊಂಡು, ಬಿಟ್ಟ ಜಾಗದಲ್ಲಿ ‘ಗುಣವಾಗಿದೆ’ ಎಂದು ಬರೆದು ಸಹಿ ಹಾಕಿದರು.