ದಿಕ್ಕಿಲ್ಲದ ಟೈರು

ಕನ್ನಡಿಯಲ್ಲಿ ಬಿಳಿ ಪಿಕಪ್ಪು ದೊಡ್ಡದಾಗ್ತಾ ಬಂತು.

ಅದರ ಹಿಂಬದಿಯಲ್ಲಿ ನಿಂತವನ ಕೈಯಲ್ಲಿ ಗ್ರೈಂಡರ್. ಕಬ್ಬಿಣ ಕೊಯ್ಯುವ ಬ್ಲೇಡು ಬೆಳಗಿನ ಬಿಸಿಲಿಗೆ ಮಿರಮಿರ ಮಿಂಚ್ತಿತ್ತು.

ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದೆ. ಏನೂ ಆಗಲಿಲ್ಲ!

ಆಗೋದೂ ಇಲ್ಲ ಬಿಡಿ. ನಾನು ಓಡಿಸ್ತಿದ್ದದ್ದು ಎರಡನೇ ಮಹಾಯುದ್ಧದ ಡಾಡ್ಜ್ ಟ್ರಕ್ಕು. ಅರವತ್ತಕ್ಕೆ ಸ್ಟೇರಿಂಗು ಭಜನೆ ಶುರು ಮಾಡ್ತದೆ. ಎಪ್ಪತ್ತಕ್ಕೆ ಮಂಗಳಾರತಿ. ಯಾವ ಯಾವ ಸೈನ್ಯವನ್ನು ಅಟ್ಟಿತ್ತೋ ಏನೋ, ಈಗ ಕುಮಟೆಯ ಬೊಮ್ಮನ ಗ್ರೈಂಡರಿಗೆ ಹೆದರಿ ಓಡ್ತಾ ಇತ್ತು.

"ರೂಪೇಶಣ್ಣ, ಇನ್ನೂ ಒತ್ತಿದ್ರೆ ಇಂಜಿನ್ನು ನಿಮ್ಮ ತೊಡೆ ಮೇಲೆ ಬರ್ತದೆ," ಅಂದಳು ಪಕ್ಕದಲ್ಲಿ ಕೂತ ಗೀತಾಂಜಲಿ.

"ಬರ್ಲಿ. ಬೊಮ್ಮ ಬರೋದಕ್ಕಿಂತ ವಾಸಿ."

ಗೀತಾಂಜಲಿಯದು ಭಟ್ಕಳದಲ್ಲಿ ಗ್ಯಾರೇಜು. ಸಾಮಿಲ್ಲಿನ ಹಿಂದೆ ಬಳ್ಳಿ ಹಬ್ಬಿ ಕೊಳೀತಿದ್ದ ಈ ಟ್ರಕ್ಕನ್ನು ಕೊಂಡು, ಬೋಲ್ಟು ಬೋಲ್ಟು ಬಿಚ್ಚಿ, ತಿಕ್ಕಿ, ಜೀವ ಕೊಟ್ಟವಳು ಅವಳು. ಗಾಡಿ ಕೆಮ್ಮಿ ಎದ್ದದ್ದೇ ತಡ, ಕುಮಟೆಯ ಕೃಷ್ಣಾನಂದ ಕೇಸು ಹಾಕಿದ. ಹಳೇ ಗಾಡಿಗೆ ಬಣ್ಣ ಬಳಿದು ರೆಸಾರ್ಟುಗಳಿಗೆ ಮಾರುವ ಕುಳ ಅದು. ತನ್ನ ಟ್ರಕ್ಕನ್ನು ಇವಳು ಕದ್ದಳು ಅಂತ ಅವನ ದೂರು. ಅವನ ಗಾಡಿ ಕಳವೇ ಆಗಿಲ್ಲ, ಅದೇ ಚಾಸಿ ನಂಬರಿನ ಇನ್ನೊಂದು ಗಾಡಿಯನ್ನು ಅವನೇ ಒಂದು ರೆಸಾರ್ಟಿಗೆ ಮಾರಿದ್ದಾನೆ, ಅದು ಅಲ್ಲಿನ ಬಾಗಿಲಲ್ಲಿ ನಿಂತಿದೆ ಅಂತ ಪತ್ತೆ ಹಚ್ಚಿದವನು ನಾನು. ಯಾವುದೋ ಲಾರಿಯ ಚಾಸಿಗೆ ಈ ನಂಬರು ಹೊಡೆದು ಕಟ್ಟಿದ ನಕಲಿ. ಅಸಲಿ ರಸ್ತೆಗೆ ಬಂದರೆ ಅದು ಬಯಲಾಗ್ತದೆ ಅಂತಲೇ ಈ ಕೇಸು.

ಅವತ್ತು ಹನ್ನೊಂದಕ್ಕೆ ಎರಡೂ ಗಾಡಿ ಹೊನ್ನಾವರದ ಕೋರ್ಟಿನ ಎದುರು ನಿಲ್ಲಬೇಕು. ಇನ್ಸ್‌ಪೆಕ್ಟರು ನಂಬರು ನೋಡ್ತಾರೆ. ನಮ್ಮದು ಬರದಿದ್ರೆ ಗಾಡಿ ಕೃಷ್ಣಾನಂದನದು, ಗೀತಾಂಜಲಿ ಕಳ್ಳಿ. ಬಂದು ನಂಬರು ಅಳಿಸಿ ಹೋಗಿದ್ರೂ ಕಳ್ಳಿ.

ಕೃಷ್ಣಾನಂದನ ಆಳು ಬೊಮ್ಮನಿಗೆ ಗ್ರೈಂಡರು ಯಾಕೆ ಅಂತ ಈಗ ತಿಳೀತಲ್ಲ?

ಮೊಬೈಲು ಬಡ್ಕೊಂಡಿತು. ಶರಾವತಿ ಸೇತುವೆಯ ಈ ತುದಿಯಲ್ಲಿ ಮೀನು ಮಾರುವ ಮಂಜಿ. ನನಗೆ ಬಂಗಡೆಯನ್ನೂ ಸುದ್ದಿಯನ್ನೂ ತಾಜಾ ಕೊಡುವವಳು ಅವಳೊಬ್ಬಳೇ.

"ಇಲ್ಲೊಂದು ಕರೀ ಗಾಡಿ ಅಡ್ಡ ನಿಂತದೆ ಮಾರಾಯ. ನಾಲ್ಕು ಜನ. ಒಬ್ಬಂಗೂ ಮೀನು ಬೇಡ್ವಂತೆ."

ಹಿಂದೆ ಬೊಮ್ಮ. ಮುಂದೆ ನಾಲ್ಕು ಜನ. ಗೇರುಸೊಪ್ಪೆ ಸುತ್ತಿ ಹೋದರೆ ಕೋರ್ಟಿಗೆ ಬೀಗ ಬಿದ್ದಿರ್ತದೆ.

ಮಂಕಿ ದಾಟಿತ್ತು. ಮೀನಿನ ಕಂಟೇನರ್ ಲಾರಿಯೊಂದು ತೆವಳ್ತಾ ಇತ್ತು. ಹೇಗೋ ಅದರ ಮುಂದೆ ನುಸುಳಿದೆ. ಎಡಕ್ಕೆ ಹಳೇ ಹೆಂಚಿನ ಕಾರ್ಖಾನೆಯ ಗೇಟು ಬಾಯಿ ತೆರೆದಿತ್ತು... ತಿರುಗಿಸಿದೆ. ಲಾರಿಯನ್ನು ಬಲಗಡೆಯಿಂದ ಹಿಂದಿಕ್ಕುವ ಭರದಲ್ಲಿ ಪಿಕಪ್ಪು ಸುಯ್ಯಂತ ಮುಂದೆ ಹೋಯಿತು.

ಚತುಷ್ಪಥ ರಸ್ತೆಗೆ ನಾನು ಬೈಯದ ಬೈಗುಳ ಇಲ್ಲ. ಅವತ್ತು ಕೈ ಮುಗಿದೆ. ನಡುವೆ ಡಿವೈಡರು! ತಿರುಗಿ ಬರೋಕೆ ಅವರು ದೂರ ಹೋಗಬೇಕು. ಆದರೆ ಬಂದೇ ಬರ್ತಾರೆ.

ಕಾರ್ಖಾನೆಗೆ ಎರಡು ದಾರಿ. ಹೆದ್ದಾರಿಯ ಕಡೆಯದು ಚಿರೆಕಲ್ಲಿನ ನೆಲ, ಆನೆ ನಡೆದರೂ ಗುರುತು ಬೀಳೋದಿಲ್ಲ. ಹಿಂದಿನದು ರಾತ್ರಿಯ ಮಳೆಗೆ ಕೆಸರಾದ ಓಣಿ. ಅದು ಸಣ್ಣ ಡಾಮರು ರಸ್ತೆಗೆ ಸೇರ್ತದೆ. ಆ ರಸ್ತೆಯ ಎಡತುದಿಗೆ ಭಟ್ಕಳದ ಹಾದಿ, ಬಲತುದಿಗೆ ಸೇತುವೆ. ಎಡಕ್ಕೆ ಹೋದರೆ ಕೋರ್ಟು ತಪ್ಪಿತು, ಬಲಕ್ಕೆ ಹೋದರೆ ನಾಲ್ಕು ಜನ.

ಗೀತಾಂಜಲಿ ಕೆಳಗಿಳಿದು ಓಣಿ ನೋಡಿದಳು. ಟೈರು ನೋಡಿದಳು.

"ಈ ಓಣಿಯಲ್ಲಿ ಹೊರಗೆ ಹೋಗಿ. ಡಾಮರಿನ ಮೇಲೆ ಭಟ್ಕಳದ ಕಡೆ ಒಂದಿಷ್ಟು ಹೋಗಿ, ಕೆಸರು ಅಂಟಲಿ. ಆಮೇಲೆ ಅದೇ ಜಾಡಲ್ಲಿ ರಿವರ್ಸ್ ಬಂದು ಇಲ್ಲೇ ಅಡಗುವ."

"ತಲೆ ಸರಿ ಉಂಟಾ? ಒಳಗೆ ಬಂದ ಗುರುತು ಬೀಳ್ತದಲ್ಲ."

"ಬೀಳೋದಿಲ್ಲ. ಇದು ಯುದ್ಧದ ಟೈರು. ಗಾಡಿ ಬಂತೋ ಹೋಯಿತೋ ಅಂತ ವೈರಿಗೆ ತಿಳೀಬಾರದು ಅಂತಲೇ ಅಚ್ಚು ಹೀಗೆ. ಮುಂದಕ್ಕೂ ಒಂದೇ, ಹಿಂದಕ್ಕೂ ಒಂದೇ."

ಈ ಅಚ್ಚಿನ ಟೈರಿಗಾಗಿ ಅವಳು ವರ್ಷವಿಡೀ ಊರೂರು ಅಲೆದಾಗ, ಟ್ರ್ಯಾಕ್ಟರ್ ಟೈರು ಹಾಕಿ ಮುಗಿಸು ಅಂತ ನಕ್ಕವನು ನಾನೇ. ಈಗ ನಗು ಬರಲಿಲ್ಲ.

ಹೋಗೋದು ಸುಲಭ ಆಯಿತು. ಬರೋದು...

ಆ ಗಾಡಿಯ ರಿವರ್ಸ್ ಗೇರು ಅಂದರೆ ಸಿಟ್ಟು ಬಂದ ಕೋಣ. ಗೀತಾಂಜಲಿ ಹುಲ್ಲಿನ ಅಂಚಲ್ಲಿ ನಿಂತು ಬಸ್ಸಿನ ಕ್ಲೀನರಿನ ಹಾಗೆ ಕೈ ಆಡಿಸಿದಳು.

"ಬರ್ಲಿ... ಬರ್ಲಿ... ಬಲಕ್ಕೆ ಒಂಚೂರು... ಹೋಲ್ಡಾನ್!"

ಹಿಂದಿನ ಚಕ್ರ ಒಂದು ಗೇಣು ಜಾಡು ತಪ್ಪಿತ್ತು. ಹೊಸ ಗೆರೆ. ನೋಡಿದ ಕೂಡಲೇ ಮಗು ಕೂಡ ಹೇಳ್ತದೆ, ಗಾಡಿ ಎರಡು ಸಲ ಓಡಾಡಿದೆ ಅಂತ. ಹೆದ್ದಾರಿಯ ಕಡೆ ಹಾರನ್ನು ಕೇಳಿತು. ಅವಳು ಮಂಡಿಯೂರಿ ಬರಿಗೈಯಲ್ಲಿ ಕೆಸರು ಬಾಚಿ ಆ ಗೆರೆ ಮುಚ್ಚಿದಳು, ಮೇಲೆ ತರಗೆಲೆ ಚೆಲ್ಲಿದಳು. ನಾನು ಟ್ರಕ್ಕನ್ನು ಹೆಂಚು ಸುಡುವ ಗೂಡಿನ ಹಿಂದಿನ ಕತ್ತಲೆ ಶೆಡ್ಡಿಗೆ ತುರುಕಿ ಇಂಜಿನ್ ಆಫ್ ಮಾಡಿದೆ. ಅವಳು ಶೆಡ್ಡಿನವರೆಗೆ ಚಕ್ರದಿಂದ ಉದುರಿದ ಕೆಸರಿನ ಮೇಲೂ ತರಗೆಲೆ ಎಳೆದು, ಓಡಿ ಬಂದು ಪಕ್ಕದಲ್ಲಿ ಕೂತಳು.

ಪಿಕಪ್ಪು ಅಂಗಳಕ್ಕೆ ಬಂದು ನಿಂತಿತು.

ಮೊದಲು ಇಳಿದವನು ಕೃಷ್ಣಾನಂದ. ಇಸ್ತ್ರಿ ಬಿಳಿ ಪ್ಯಾಂಟು, ಬಿಳಿ ಶೂ. ಶೆಡ್ಡಿನ ಸಂದಿಯಿಂದ ನೋಡ್ತಿದ್ದೆ. ಅವನು ಬೊಮ್ಮನಿಗೆ ಒಳಗೆಲ್ಲ ಹುಡುಕು ಅಂದ. ತಾನು ಓಣಿಯ ಕಡೆ ನಡೆದ.

ಬೊಮ್ಮ ಗ್ರೈಂಡರು ಹಿಡಿದು ನಮ್ಮ ಶೆಡ್ಡಿನ ಕಡೆಯೇ ಬಂದ. ಬಿಸಿ ಇಂಜಿನ್ನು ಟಿಕ್... ಟಿಕ್... ಅಂತಿತ್ತು. ಪೆಟ್ರೋಲಿನ ವಾಸನೆ ಬೇರೆ. ಇನ್ನು ಹತ್ತು ಹೆಜ್ಜೆ.

ನಾನು ಬಿ.ಎ. ಓದಿದವನು. ಆ ಡಿಗ್ರಿ ನನ್ನನ್ನು ಎಲ್ಲೂ ಉಳಿಸಿದ್ದಿಲ್ಲ. ಉಳಿಸಿದ್ದು ಕಾಲೇಜ್ ಡೇಯಲ್ಲಿ ಕಲಿತ ಮಿಮಿಕ್ರಿ. ಪ್ರಿನ್ಸಿಪಾಲರಿಂದ ಪಂಪ್‌ಸೆಟ್ಟಿನವರೆಗೆ ಎಲ್ಲರ ದನಿ ಬರ್ತದೆ. ಅವತ್ತು ಆರಿಸಿಕೊಂಡದ್ದು ಆಗತಾನೇ ಮರಿ ಹಾಕಿದ ಹೆಣ್ಣುನಾಯಿ. ಗಂಟಲಿನ ತಳದಿಂದ ಗುರ್ ಅಂದೆ. ನಡುವೆ ಎರಡು ಸಲ ಮರಿಯ ಕುಂಯ್ ಕುಂಯ್ ಸೇರಿಸಿದೆ.

ಬೊಮ್ಮ ನಿಂತ. ಇನ್ನೊಂದು ಗುರ್. ಒಂದು ಹೆಜ್ಜೆ ಹಿಂದೆ ಇಟ್ಟ.

"ಎಂತದೋ ಅಲ್ಲಿ?" ಕೃಷ್ಣಾನಂದ ಕೂಗಿ ಕೇಳಿದ.

"ಬಾಣಂತಿ ನಾಯಿ."

ಕೃಷ್ಣಾನಂದ ಓಣಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಜಾಡು ನೋಡ್ತಿದ್ದ. ಬೆರಳಿಂದ ಮುಟ್ಟಿದ. ತರಗೆಲೆಯ ಹತ್ತಿರ ಕೈ ಹೋಯಿತು... ಗೀತಾಂಜಲಿಯ ಉಗುರು ನನ್ನ ತೋಳಿಗೆ ಇಳಿಯಿತು.

ಅವನು ಎದ್ದ. ಡಾಮರಿನವರೆಗೆ ನಡೆದು ನೋಡಿ ಬಂದ. ಶೂ ಎರಡೂ ಪಾಯಸದಲ್ಲಿ ಅದ್ದಿದ ಹಾಗೆ.

"ಬಾರೋ ಬೊಮ್ಮ. ಒಂದೇ ಜಾಡು, ಹೊರಗೆ ಹೋಗಿದೆ. ಕೆಸರು ಭಟ್ಕಳದ ದಿಕ್ಕಿಗೆ. ಹೆದರಿ ವಾಪಸ್ ಓಡಿದಾನೆ ರೂಪೇಶ."

ಆಮೇಲೆ ಅವನು ಮಾಡಿದ ಫೋನು ನನ್ನ ಕಿವಿಗೆ ಚಂಡೆ-ಮದ್ದಳೆಗಿಂತ ಇಂಪಾಗಿತ್ತು. ಸೇತುವೆ ಬಿಟ್ಟು ಎಲ್ಲರೂ ಭಟ್ಕಳದ ಕಡೆ ಬನ್ನಿ ಅಂದ.

ಪಿಕಪ್ಪಿನ ಸದ್ದು ಕರಗುವವರೆಗೆ ಉಸಿರು ಬಿಡಲಿಲ್ಲ. ಆಮೇಲೆ ಸೆಲ್ಫು ಹೊಡೆದೆ. ಟ್ರಕ್ಕು ಕೆಮ್ಮಿತು. ನಿಂತಿತು. ಗೀತಾಂಜಲಿ ಡ್ಯಾಶಿನ ಮೇಲೆ ಒಂದು ಏಟು ಕೊಟ್ಟು ಅದರ ಕಿವಿಗೆ ಏನೋ ಹೇಳಿದಳು. ಹತ್ತಿಕೊಂಡಿತು.

ಸೇತುವೆ ಖಾಲಿ ಇತ್ತು. ಮಂಜಿ ಬುಟ್ಟಿಯ ಹಿಂದಿನಿಂದ ಒಂದು ಬಂಗಡೆ ಎತ್ತಿ ಸಲ್ಯೂಟು ಹೊಡೆದಳು.

ಕೋರ್ಟಿನ ಎದುರು ರೆಸಾರ್ಟಿನ ಗಾಡಿ ಮೊದಲೇ ಬಂದಿತ್ತು. ಇನ್ಸ್‌ಪೆಕ್ಟರು ಅದರ ನಂಬರಿನ ಮೇಲೆ ಥಿನ್ನರಿನ ಬಟ್ಟೆ ಉಜ್ಜಿದರು. ಬಣ್ಣದ ಅಡಿಯಿಂದ ತಗ್ಗು ತುಂಬುವ ಪುಟ್ಟಿ ಬಂತು. ಪುಟ್ಟಿಯ ಅಡಿಯಿಂದ ಯಾವುದೋ ಲಾರಿಯ ಅರ್ಧ ಅಳಿಸಿದ ನಂಬರು ಬಂತು. ನಮ್ಮದರಲ್ಲಿ ಬಣ್ಣದ ಅಡಿಗೆ ಬರೀ ಕಬ್ಬಿಣ, ಅದರ ಮೈಯಲ್ಲೇ ಒತ್ತಿದ ಅಸಲಿ ನಂಬರು. ಗೀತಾಂಜಲಿ ಕೆಸರಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಬಾನೆಟ್ಟಿಗೆ ಒರಗಿದಳು.

ಕೃಷ್ಣಾನಂದ ಏದುಸಿರು ಬಿಡ್ತಾ ಬಂದದ್ದು ಆಮೇಲೆ.

"ನಾನೇ ನೋಡಿದೆ," ಅಂದ ಮೆಲ್ಲಗೆ. "ಗುರುತು ಹೊರಗೆ ಹೋಗಿತ್ತು."

"ಹೋಗಿತ್ತು," ಅಂದೆ. " ಒಳಗೂ ಬಂದಿತ್ತು. ನಕಲಿಗೆ ನೀವು ಟ್ರ್ಯಾಕ್ಟರ್ ಟೈರು ಹಾಕಿದ್ರಿ ಕೃಷ್ಣಾನಂದಣ್ಣ, ಅಸಲಿಯದು ನೋಡೇ ಇರ್ಲಿಲ್ಲ."

ಇಬ್ಬರು ಕಾನ್‌ಸ್ಟೇಬಲ್‌ಗಳು ಅವನನ್ನು ನಡುವೆ ಹಾಕಿಕೊಂಡು ಮೆಟ್ಟಿಲು ಹತ್ತಿಸಿದರು. ಆಗತಾನೇ ಒರೆಸಿದ ಜಗಲಿಯ ಮೇಲೆ ಅವನ ಕೆಸರು ಶೂ ಒಂದೊಂದೇ ಅಚ್ಚು ಒತ್ತುತ್ತಾ ಹೋಯಿತು.

ಸಂಜೆವರೆಗೂ ಕಾದೆ... ಆ ಗುರುತಿಗೆ ಒಂದೇ ದಿಕ್ಕು. ಒಳಗೆ.